ಈ ಸಲ ತವರಿಗೆ ಬರಬೇಡ

ಮಲ್ಲಯ್ಯನಗಡ್ಡೆ
ಕಾರ್ತಿಕ ಸೋಮವಾರ, 18-11-2024

ಚಿರಂಜೀವಿ ಸುಷ್ಮಿತಾಳಿಗೆ ನಿನ್ನ ಅವ್ವ ಹರಸಿ ಬರೆಯುವುದು. ನೀನೂ ನಿನ್ನ ಹೊಟ್ಟೆಯಲ್ಲಿರುವ ಕೂಸೂ ಮಲ್ಲಯ್ಯನ ದಯೆಯಿಂದ ತಣ್ಣಗಿರಬೇಕು.

ಇವತ್ತು ಉಪವಾಸ. ಸಂಜೆ ಚುಕ್ಕಿ ಕಾಣುವವರೆಗೆ ಬಾಯಿಗೆ ಏನೂ ಇಲ್ಲ. ಬೆಳಗ್ಗೆ ಎದ್ದು ಅಂಗಳಕ್ಕೆ ಸಗಣಿ ನೀರು ಹಾಕಿ, ರಂಗೋಲಿ ಎಳೆದು, ಕುರಿಹಟ್ಟಿ ಬಳಿದು, ನಿಮ್ಮಪ್ಪನಿಗೆ ರೊಟ್ಟಿ ಬಡಿದಿಟ್ಟು, ಗುಡಿಗೆ ಹೋಗಿ ಮಲ್ಲಯ್ಯನ ತಲೆಯ ಮೇಲೆ ನೀರು ಹಾಕಿ ಬಂದೆ. ಈಗ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಫೋನ್ ಇರುವಾಗ ಅವ್ವನಿಗೆ ಕಾಗದದ ಹುಚ್ಚು ಯಾಕೆ ಅಂತ ನಗಬೇಡ. ನಾನು ಫೋನ್ ಮಾಡಿದರೆ ಮೊದಲು ಎತ್ತುವವರು ನಿನ್ನ ಅತ್ತೆ ರಾಮಲಕ್ಷ್ಮಿಯವರು. ನಿನ್ನ ಕೈಗೆ ಕೊಟ್ಟರೂ ಸ್ಪೀಕರ್ ಹಾಕಿಯೇ ಕೊಡುತ್ತಾರೆ. ಆ ಮನೆಯಲ್ಲಿ ಕನ್ನಡ ಆಡಲು ಎಲ್ಲರಿಗೂ ಬರುತ್ತದೆ, ಆದರೆ ಅವರು ಕಲಿತದ್ದು ತೆಲುಗು ಅಕ್ಷರ, ಕನ್ನಡ ಓದಲು ನಿನಗೊಬ್ಬಳಿಗೇ. ಏಳನೇ ಕ್ಲಾಸಿನವರೆಗೆ ನಾನು ಕಲಿತ ಅಕ್ಷರ ಇವತ್ತು ಉಪಯೋಗಕ್ಕೆ ಬಂತು.

ಮೊದಲು ಮಾತನ್ನೇ ಹೇಳಿಬಿಡುತ್ತೇನೆ, ಕೂತು ಓದು. ಗುರುವಾರ ನಾನೂ ನಿಮ್ಮಪ್ಪನೂ ಆದೋನಿಗೆ ಬಂದು ನಿನ್ನನ್ನು ಬಾಣಂತನಕ್ಕೆ ಕರೆತರುವುದಿತ್ತು. ನಾವು ಬರುವುದಿಲ್ಲ. ನೀನು ಗಡ್ಡೆಗೆ ಬರಬೇಡ.

ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಡ ಅನ್ನುವ ತಾಯಿಯನ್ನು ನೀನು ನೋಡಿಲ್ಲ, ನಾನೂ ನೋಡಿಲ್ಲ. ಎರಡು ಸಲ ಬರೆದು ಹರಿದು ಹಾಕಿದೆ. ನಿಮ್ಮಪ್ಪ ಪಕ್ಕದಲ್ಲೇ ಕೂತು ಕುರಿಯ ಹಗ್ಗ ಹೊಸೆಯುತ್ತಾ, “ಏನ ಬರೀತಿ ಬರಿಯವಾ, ಪೆನ್ನಿಗೆ ನಾಚಿಕಿ ಇಲ್ಲ, ನಿನಗೂ ಇರಬ್ಯಾಡ” ಅಂದರು. ಅಂದವರು ಮುಖ ಆಚೆ ತಿರುಗಿಸಿಕೊಂಡರು.

ಕಾರಣ ನೀರು, ನನ್ನವ್ವಾ. ಒಳಚರಂಡಿಯ ಹೊಲಸು ಇಳಿದು ನಮ್ಮ ಬಾವಿ ಕೆಟ್ಟಿದೆ.

ಒಳಚರಂಡಿ ಬೇಡ ಅನ್ನುವವಳು ನಾನಲ್ಲ. ಅದು ಬೇಕೇ ಬೇಕು ಅಂತ ನಂದವರದ ಮಂಡಲ ಆಫೀಸಿನ ಮುಂದೆ ಬಿಸಿಲಲ್ಲಿ ಕೂತ ಹೆಂಗಸರಲ್ಲಿ ಮುಂದಿನ ಸಾಲಿನವಳು ನಾನು. ಯಾಕೆ ಕೂತೆ ಅನ್ನುವುದು ನಿನಗೆ ಗೊತ್ತು. ಶಾಲೆಗೆ ಹೋಗುವಾಗ ನೀನು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲ, ಜಾಲಿಗಿಡದ ಮರೆಗೆ ಹೋಗಬೇಕಾಗುತ್ತದೆ ಅಂತ. ಹೊಳೆ ತುಂಬಿದಾಗ ಆ ಜಾಲಿಗಿಡವೂ ಮುಳುಗುತ್ತಿತ್ತು. ಆಗ ಹೆಂಗಸರು ಎಲ್ಲಿಗೆ ಹೋಗಬೇಕು ಅಂತ ಯಾವ ಗಂಡಸೂ ಕೇಳಲಿಲ್ಲ. ಮನೆಮನೆಗೆ ಕೊಳವೆ ಬಂದು, ಹೊಲಸೆಲ್ಲ ಗಡ್ಡೆಯ ಕೆಳತುದಿಯ ತೊಟ್ಟಿಗೆ ಹೋಗಿ, ಅಲ್ಲಿ ತಿಳಿಯಾಗಿ ಹೊಳೆ ಸೇರುತ್ತದೆ ಅಂದಾಗ ನಾನು ಮಲ್ಲಯ್ಯನಿಗೆ ಎಡೆ ಮಾಡಿದೆ. ಅದೇ ಕೆಲಸಕ್ಕೆ ಅಳಿಯ ಶಿವಕೃಷ್ಣ ಅವರೇ ಸೂಪರ್‌ವೈಸರ್ ಆಗಿ ಬಂದಾಗ ಇನ್ನೂ ಎದೆ ಉಬ್ಬಿತು. ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಬೇಸಿಗೆಯಲ್ಲಿ ಅಗೆಯಲು ಶುರುಮಾಡಿದರು. ಹೊಳೆಯ ನಡುವಿನ ನಮ್ಮ ಗಡ್ಡೆ ಅಂದರೆ ಮರಳು, ಮೇಲೊಂದು ಪದರ ಮಣ್ಣು. ಸೊಂಟದುದ್ದ ತೋಡುವುದರೊಳಗೆ ನೀರು ಜಿನುಗಿ ಕಾಲುವೆ ತುಂಬುತ್ತಿತ್ತು. ಅದನ್ನು ಎತ್ತಿ ಹೊಳೆಗೆ ಚೆಲ್ಲಲು ಮೋಟಾರು ಇಟ್ಟರು. ಮೋಟಾರು ನಡೆದಷ್ಟು ದಿನ ಬಾವಿ ಕೆಳಗೆ ಕೆಳಗೆ ಹೋಯಿತು, ಹಗ್ಗಕ್ಕೆ ಹಗ್ಗ ಗಂಟು ಹಾಕಿ ಸೇದಿದೆವು. ಕೊಟ್ಟಿಗೆಯ ಹಿಂದಿನ ಹೊಂಗೆ ಬೇಸಿಗೆಯಲ್ಲೂ ಹಸಿರಾಗಿರುತ್ತಿತ್ತಲ್ಲ, ಅದು ಎಲೆ ಉದುರಿಸಿ ನಿಂತಿತು. ತೊಟ್ಟಿಗೆ ಜಾಗ ಬೇಕು ಅಂತ ಜಾಲಿಯನ್ನೆಲ್ಲ ಬುಡಸಮೇತ ಕಿತ್ತರು. ಮಳೆ ಬಂತು, ಹೊಳೆ ಏರಿತು, ಬೇರು ಹಿಡಿದಿರದ ದಡ ಕುಸಿದು ಕೊಚ್ಚಿಕೊಂಡು ಹೋಯಿತು. ಕೆಲಸ ನಿಂತಿತು. ನೆಲ ಜಗ್ಗಿ ಹೂತಿಟ್ಟ ಕೊಳವೆಯ ಕೀಲುಗಳು ಸರಿದವು. ತೊಟ್ಟಿಗೆ ನಾಲ್ಕು ಗೋಡೆ ಎದ್ದಿದ್ದವು, ತಳಕ್ಕೆ ಕಾಂಕ್ರೀಟು ಬಿದ್ದಿರಲಿಲ್ಲ.

ಇಲ್ಲಿ ನಾವೇ ಒಂದು ಆತುರ ಮಾಡಿದೆವು. ಶ್ರಾವಣ ಬಂತು, ಒಳ್ಳೆಯ ದಿನ ಬಿಡಬಾರದು ಅಂತ ಹೆಂಗಸರೆಲ್ಲ ಸೇರಿ ಕೊಳವೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಮನೆಮನೆಯ ಪಾಯಿಖಾನೆಯನ್ನು ಅದಕ್ಕೆ ಜೋಡಿಸಿಬಿಟ್ಟೆವು. ತೊಟ್ಟಿ ಇವತ್ತಲ್ಲ ನಾಳೆ ಆಗುತ್ತದೆ ಅಂದುಕೊಂಡೆವು. ಬೇಡ ಅಂತ ತಡೆಯಬೇಕಾದ ಗುತ್ತಿಗೆಯ ಮಂದಿ ನಿಂತು ನೋಡಿ ಪ್ರಸಾದ ತಿಂದು ಹೋದರು.

ತೊಟ್ಟಿ ಇನ್ನೂ ಆಗಿಲ್ಲ. ಊರಿನ ಹೊಲಸೆಲ್ಲ ಹೋಗಿ ಆ ತಳವಿಲ್ಲದ ಗೋಡೆಗಳ ನಡುವೆ ನಿಂತು ಮರಳಿಗೆ ಇಳಿಯುತ್ತದೆ. ಬಾವಿಯ ಹತ್ತಿರ ಕೀಲು ಸರಿದ ಕಡೆ ನೆಲ ಯಾವಾಗಲೂ ಒದ್ದೆ. ಕೆಳತುದಿಯ ಹೊಳೆನೀರಿನ ಮೇಲೆ ಹಸಿರು ಕೆನೆ ಕಟ್ಟಿದೆ. ಅಲ್ಲಿ ನೀರುನಾಯಿಗಳು ಮರಿಗಳಿಗೆ ಈಜು ಕಲಿಸುವುದನ್ನು ನೀನು ಊಟ ಬಿಟ್ಟು ನೋಡುತ್ತಿದ್ದೆ. ಈ ವರ್ಷ ಅವು ಕಾಣಿಸಲೇ ಇಲ್ಲ. ನಮ್ಮ ಕುರಿಗಳು ಅಲ್ಲಿ ಬಾಯಿ ಇಡುವುದಿಲ್ಲ, ಮೂಸಿ ನೋಡಿ ಮೇಲ್ದಂಡೆಗೆ ನಡೆಯುತ್ತವೆ. ನಿಮ್ಮಪ್ಪ ಅದನ್ನು ನೋಡಿಯೇ ಬಾವಿನೀರು ಕುಡಿಯುವುದನ್ನು ಬಿಟ್ಟರು.

ತೊಟ್ಟಿ ಆಗುವವರೆಗೆ ಕೊಳವೆ ಮುಚ್ಚೋಣ ಅಂತ ನಾನು ಬಾಯಿ ತೆಗೆದದ್ದಕ್ಕೆ ಹಿಂದಿನ ಮನೆಯ ಉಚ್ಚಮ್ಮ ಬಾವಿಯ ಹತ್ತಿರ ಎಲ್ಲರ ಮುಂದೆ ಏನಂದಳು ಗೊತ್ತೇ? “ಏನ ಗಾದಿಲಿಂಗಕ್ಕ, ಕೊಳವಿ ಬೇಕು ಕೊಳವಿ ಬೇಕು ಅಂತ ಕುಣದಾಕಿ ನೀನು. ಈಗ ವಾಸನಿ ಅಂತ ಮೂಗು ಮುಚ್ಚಿಕೊಂಡ್ರ ಹೆಂಗ? ನಡಿ, ಮತ್ತ ಜಾಲಿಗಿಡಕ್ಕ ಹೋಗೂನು. ಗಿಡ ಎಲ್ಲಿ ಐತಿ ತೋರ್ಸು!” ಎಲ್ಲರೂ ನಕ್ಕರು. ನನಗೂ ನಗು ಬಂತು, ಯಾಕೆಂದರೆ ಅವಳು ಹೇಳಿದ್ದು ಖರೆ. ಹೋಗಲು ಗಿಡ ಉಳಿದಿಲ್ಲ. ಅವಳ ಸೊಸೆಯೂ ನಿನ್ನ ಹಾಗೆ ನೀರು ಬಿಟ್ಟು ಕೂತು ಉರಿಮೂತ್ರ ಹತ್ತಿಸಿಕೊಂಡವಳು. ಬಾಗಿಲಿರುವ ಪಾಯಿಖಾನೆಯನ್ನು ಮುಚ್ಚು ಅಂದರೆ ಅವಳಿಗೆ ಸಿಟ್ಟು ಬರದೆ ಇರುತ್ತದೆಯೇ?

ಅಳಿಯಂದಿರನ್ನೂ ಕೇಳಿದೆ. “ಅತ್ತಿ, ನೀರು ಟೆಸ್ಟ್ ಮಾಡಿಸೀವಿ. ಪಾಸ್ ಆಗೇತಿ. ಸುಮ್ನ ಭಯಪಡಬ್ಯಾಡ್ರಿ” ಅಂದರು. ಟೆಸ್ಟ್ ಮಾಡಿಸಿದ್ದು ಯಾವಾಗ ಅಂದೆ. ಬೇಸಿಗೆಯಲ್ಲಿ ಅಂದರು. ಕೊಳವೆ ಜೋಡಿಸಿದ್ದು ಶ್ರಾವಣದಲ್ಲಿ. ಮದುವೆಗೆ ಮುಂಚೆ ಜಾತಕ ನೋಡಿಸಿ, ಸಂಸಾರ ಚೆನ್ನಾಗಿದೆ ಅಂದ ಹಾಗಾಯಿತು. ನಾನು ಅದನ್ನು ಹೇಳಲಿಲ್ಲ, ಅಳಿಯ ಅಂತ ನುಂಗಿಕೊಂಡೆ.

ಕುದಿಸಿ ಕುಡಿಯಬಹುದಲ್ಲ ಅನ್ನುತ್ತೀ. ನೆರೆಯ ಮೂರು ಮನೆಯ ಮಕ್ಕಳಿಗೆ ಹೊಟ್ಟೆ ಕೆಟ್ಟಿದೆ, ಅವರೂ ಕುದಿಸುತ್ತಾರೆ. ಬಾಣಂತಿಯ ಮನೆಯಲ್ಲಿ ಎಷ್ಟು ನೀರು ಬೇಕು ನಿನಗೆ ಇನ್ನೂ ಗೊತ್ತಿಲ್ಲ. ನಿನಗೆ ಎರೆಯಬೇಕು, ಕೂಸಿಗೆ ಎರೆಯಬೇಕು, ಬಟ್ಟೆ ಹಿಂಡಬೇಕು. ಎಲ್ಲವನ್ನೂ ಹೇಗೆ ಕುದಿಸಲಿ? ಕೂಸು ಒದ್ದೆ ಮುಷ್ಟಿಯನ್ನೇ ಬಾಯಿಗೆ ಇಟ್ಟುಕೊಳ್ಳುತ್ತದೆ. ಇನ್ನೊಂದು ಮಾತು. ಪುರುಡು ಕಳೆದ ಮೇಲೆ ಬಾಣಂತಿ ಮೊದಲು ಹೊಸ್ತಿಲು ದಾಟುವುದೇ ಬಾವಿಪೂಜೆಗೆ. ಐದು ಕಲ್ಲಿಗೆ ಅರಿಶಿನ ಹಚ್ಚಿ ಗಂಗಮ್ಮ ಅಂತ ಕೂರಿಸಿ, ಕೊಡ ತುಂಬಿ, ಆ ನೀರನ್ನು ಕೂಸಿನ ತುಟಿಗೆ ಮುಟ್ಟಿಸಬೇಕು. ನಿನ್ನನ್ನು ಎತ್ತಿಕೊಂಡು ನಾನು ಮಾಡಿದ್ದು ಇದೇ ಬಾವಿಯ ಮುಂದೆ. ಈಗ ಆ ನೀರನ್ನು ನಿನ್ನ ಕೂಸಿನ ತುಟಿಗೆ ಮುಟ್ಟಿಸು ಅಂತ ಯಾವ ಬಾಯಿಂದ ಹೇಳಲಿ? ಗಂಗಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಆಕೆಯ ಮೈಮೇಲೆ ಹೊಲಸು ಸುರಿದವರು ನಾವು. ಮೊದಲು ತೊಳೆಯಬೇಕು, ಆಮೇಲೆ ಅರಿಶಿನ ಹಚ್ಚಬೇಕು.

ಅದಕ್ಕೆ ನನ್ನ ಯೋಚನೆ ಕೇಳು. ಆಲೂರಿನ ನಿನ್ನ ದೊಡ್ಡಮ್ಮ ಬಸವಕ್ಕನಿಗೆ ಹೇಳಿ ಕಳಿಸಿದ್ದೆ. “ಆಕಿ ನಿನಗಷ್ಟ ಮಗಳೇನು? ಹಿಂದಿನ ಖೋಲಿ ಸುಣ್ಣ ಹೊಡಿಸ್ತೀನಿ, ಕರಕೊಂಡು ಬಾ” ಅಂದಿದ್ದಾಳೆ. ಅಲ್ಲಿ ದವಾಖಾನೆ ಹತ್ತಿರ, ನಳದ ನೀರು ಚೊಲೋ ಇದೆ. ನಾನೇ ಬಂದು ಮೂರು ತಿಂಗಳು ನಿನ್ನ ಜೊತೆ ಇರುತ್ತೇನೆ. ಕಾಡಿಗೆ, ಬಜೆ, ಕುಳ್ಳು, ತೊಟ್ಟಿಲು ಎಲ್ಲ ಹರಗೋಲಿನಲ್ಲಿ ಹಾಕಿಕೊಂಡು ಬರುತ್ತೇನೆ. ನಿನ್ನ ಅತ್ತೆಯವರು ಕೇಳಿಯೇ ಕೇಳುತ್ತಾರೆ, ತವರು ಇದ್ದೂ ದೊಡ್ಡಮ್ಮನ ಮನೆ ಯಾಕೆ ಅಂತ. ಅವ್ವನಿಗೆ ಮೈಯಲ್ಲಿ ಸರಿಯಿಲ್ಲ ಅಂತ ಹೇಳು. ಉಪವಾಸದ ದಿನ ಮಗಳಿಗೆ ಹೀಗೆ ಹೇಳಿಕೊಡುತ್ತಿದ್ದೇನೆ, ಮಲ್ಲಯ್ಯ ಸುಮ್ಮನಿರಲಿ.

ಇಷ್ಟೇ ಆಗಿದ್ದರೆ ಇಲ್ಲಿಗೇ ಮುಗಿಸುತ್ತಿದ್ದೆ. ಶುಕ್ರವಾರ ದೊಡ್ಡ ಇಂಜಿನಿಯರು ಬರುತ್ತಾರಂತೆ. ಗುಡಿಯ ಮುಂದೆ ಊರನ್ನು ಕೂಡಿಸಿ, ಕೆಲಸ ಚೊಲೋ ನಡೆದಿದೆ, ಯಾರದೂ ತಕರಾರಿಲ್ಲ ಅಂತ ಹೇಳಿಸಿಕೊಂಡು ಹೋಗುತ್ತಾರಂತೆ. ನಾನು ಎದ್ದು ನಿಲ್ಲುತ್ತೇನೆ. ಕೊಳವೆ ಕಿತ್ತು ಹಾಕಿ ಅನ್ನುವುದಿಲ್ಲ. ತೊಟ್ಟಿಗೆ ತಳ ಹಾಕಿ, ಕೀಲು ಸರಿಮಾಡಿ. ಅಲ್ಲಿಯವರೆಗೆ ಕೊಳವೆ ಮುಚ್ಚಿ, ಹೆಂಗಸರಿಗೆ ತಟ್ಟಿಯ ಮರೆ ಕಟ್ಟಿಕೊಡಿ, ಕುಡಿಯುವ ನೀರನ್ನು ಆಚೆ ದಡದ ನಾಗಲದಿನ್ನೆಯಿಂದ ತರಿಸಿ ಅನ್ನುತ್ತೇನೆ. ಉಚ್ಚಮ್ಮನೂ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಈ ಮಾತು ಹೋಗಿ ಬೀಳುವುದು ನಿನ್ನ ಗಂಡನ ತಲೆಯ ಮೇಲೆ ಅನ್ನುವುದು ಗೊತ್ತಿದೆ. ಗುತ್ತಿಗೆದಾರ ಮೊದಲು ಕೆಲಸ ಬಿಡಿಸುವುದು ಅವರನ್ನೇ. ಆ ಮನೆಯಲ್ಲಿ ನಿನ್ನನ್ನು ಚುಚ್ಚುತ್ತಾರೆ, ನಿಮ್ಮವ್ವ ಅಳಿಯನ ಅನ್ನಕ್ಕೆ ಕಲ್ಲು ಹಾಕಿದಳು ಅಂತ. ತುಂಬಿದ ಹೊಟ್ಟೆಯಲ್ಲಿ ನೀನು ಅದನ್ನು ಕೇಳಬೇಕಾಗುತ್ತದೆ. ಅದನ್ನು ನೆನೆದಾಗಲೆಲ್ಲ ನನ್ನ ಕಾಲು ಹಿಂದೆ ಸರಿಯುತ್ತದೆ. ಆದರೂ ಮಾತಾಡುತ್ತೇನೆ.

ನಾಳೆ ಹತ್ತಿ ಹಾಕಿಕೊಂಡು ಆದೋನಿ ಮಾರ್ಕೆಟ್‌ಗೆ ಹೋಗುವ ಜಂಬಪ್ಪನ ಕೈಯಲ್ಲಿ ಈ ಕಾಗದ ಕೊಡುತ್ತೇನೆ. ಸಂಜೆ ಅವನು ಹಿಂದಿರುಗುತ್ತಾನೆ. ಆಲೂರಿಗೆ ಬರುತ್ತೀಯೋ ಇಲ್ಲವೋ ಬರೆದು ಅವನ ಕೈಯಲ್ಲೇ ಕೊಡು. ಸಿಟ್ಟು ಬಂದಿದ್ದರೆ ಸಿಟ್ಟನ್ನೂ ಬರೆ. ಉಪ್ಪಿನಕಾಯಿ ಹೆಚ್ಚು ತಿನ್ನಬೇಡ, ಕಾಲು ಊದಿದರೆ ತಡಮಾಡದೆ ಡಾಕ್ಟರಿಗೆ ತೋರಿಸು.

ನಿನ್ನ ಹೆತ್ತವಳು,
ಗಾದಿಲಿಂಗಮ್ಮ

ತಾಜಾಕಲಂ: ಇದು ಮರೆತ ಮಾತಲ್ಲ, ಮುಚ್ಚಿಟ್ಟ ಮಾತು. ಹೆಸರು ಹಾಕಿದ ಮೇಲೂ ಕೈ ಕೇಳುತ್ತಿಲ್ಲ.

ಮೈಯಲ್ಲಿ ಸರಿಯಿಲ್ಲ ಅಂತ ಹೇಳು ಅಂದೆನಲ್ಲ, ಅದು ಸುಳ್ಳಲ್ಲ. ದೀಪಾವಳಿ ಆದ ವಾರ ನನಗೆ ವಾಂತಿ ಭೇದಿ ಹತ್ತಿ ಕಣ್ಣು ಕತ್ತಲೆ ಬಂತು. ಕುದಿಸಿದ ನೀರನ್ನು ಶಿವನ ತಲೆಗೆ ಹಾಕುವುದು ಹೇಗೆ ಅಂತ ಬಾವಿನೀರನ್ನೇ ಹಾಕಿ, ಅದನ್ನೇ ತೀರ್ಥ ಅಂತ ಕುಡಿಯುತ್ತಿದ್ದೆ. ನನ್ನನ್ನು ಬೆನ್ನ ಮೇಲೆ ಹೊತ್ತು ಹರಗೋಲಿಗೆ ಹಾಕಿ, ಯಮ್ಮಿಗನೂರಿನ ದವಾಖಾನೆಗೆ ಸೇರಿಸಿದವರು ನಿನ್ನ ಗಂಡ. ನನ್ನ ವಾಂತಿಯನ್ನು ತಮ್ಮ ಟವಲಿನಿಂದ ಒರೆಸಿದರು. ಹೆತ್ತ ಮಗನೂ ಹಾಗೆ ಮಾಡುವುದಿಲ್ಲ. ನಿನಗೆ ಹೇಳಬಾರದು ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಸಲೈನ್ ಏರುತ್ತಿರುವಾಗ ಅವರು ಮಂಚದ ಪಕ್ಕದಲ್ಲಿ ಕೂತು, “ಅತ್ತಿ, ಆಕಿನ್ನ ಗಡ್ಡಿಗೆ ಕರೀಬ್ಯಾಡ್ರಿ. ಕೂಸಿಗೆ ಆ ನೀರು ಆಗಂಗಿಲ್ಲ” ಅಂದರು. “ಹಂಗಾದ್ರ ಊರಿಗೆ ಆಗತೈತೇನ್ರಿ?” ಅಂದೆ. ಅವರು ಎದ್ದು ಸಲೈನ್ ಬಾಟಲಿಯನ್ನು ಸರಿಮಾಡಿದರು. ಆಮೇಲೆ, “ನಾ ಹೇಳಿದೆ ಅಂತ ಆಕಿಗೆ ಹೇಳಬ್ಯಾಡ್ರಿ” ಅಂದರು. ಬರಬೇಡ ಅನ್ನುವ ಈ ಮಾತು ಮೊದಲು ಹುಟ್ಟಿದ್ದು ಅವರ ಬಾಯಲ್ಲಿ, ನನ್ನದಲ್ಲ.

ಕೆಟ್ಟವರಲ್ಲ ನಿನ್ನ ಗಂಡ. ಹೆದರಿದ್ದಾರೆ. ಆದರೆ ತಮ್ಮ ಹೆಂಡತಿಗೆ ಆಗದ ನೀರನ್ನು ಉಚ್ಚಮ್ಮನ ಮೊಮ್ಮಕ್ಕಳಿಗೆ ಪಾಸ್ ಆಗಿದೆ ಅನ್ನುತ್ತಿದ್ದಾರೆ. ಶುಕ್ರವಾರ ನಾನು ಎದ್ದು ನಿಲ್ಲುವುದು ಅದಕ್ಕೆ. ನನಗಿಂತ ಮೊದಲು ಅವರೇ ಎದ್ದು ನಿಂತರೆ ನಾನು ಬಾಯಿ ತೆಗೆಯುವುದಿಲ್ಲ, ಕೈ ಮುಗಿದು ಕೂತುಬಿಡುತ್ತೇನೆ. ಇದನ್ನು ನಾನು ಹೇಳಿದರೆ ಅತ್ತೆಯ ಮಾತು ಆಗುತ್ತದೆ. ನೀನು ಹೇಳು.

ಮೇಲೆ ಬರೆದದ್ದನ್ನು ಬಿಡು, ಉತ್ತರವನ್ನು ಜಂಬಪ್ಪನ ಕೈಗೆ ಕೊಡಬೇಡ. ಗುರುವಾರ ನಿನ್ನ ಗಂಡ ಕೆಲಸಕ್ಕೆ ಬರುವಾಗ ಅವರ ಕೈಯಲ್ಲೇ ಕೊಡು. ಅವರೇ ತಂದು ನನ್ನ ಕೈಗೆ ಕೊಡಲಿ, ಶುಕ್ರವಾರ ಮೊದಲು ಯಾರು ಎದ್ದು ನಿಲ್ಲುತ್ತಾರೆ ಅಂತ ಅವರ ಮುಖ ನೋಡಿ ತಿಳಿಯುತ್ತೇನೆ.