ಖಾಲಿ ಮೊಳೆ

ಎಲ್ಡನ್,

ಇವತ್ತು ನಿನ್ನ ಮಗಳು ಮಾರ್ಲಿಸ್ ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿದಳು. ಇಳಿಯುವಾಗ, ಗೋಧಿ ಹೊಲದ ಪಕ್ಕ, ನೀನು ಮೊದಲ ಸಲ ಒಬ್ಬನೇ ಹಾರಿಸಿದ ದಿನ ನಿನ್ನ ವಿಮಾನ ಪುಟಿದ ಜಾಗದಲ್ಲೇ ಅವಳದೂ ಪುಟಿಯಿತು. ಅಂದು ನೀನು ಹೇಗಾದರೂ ಇಳಿಯಲೇಬೇಕೆಂದು ವಿಮಾನದ ಮೂತಿಯನ್ನು ಕೆಳಕ್ಕೆ ಒತ್ತಿದೆ. ಅದು ನೆಲಕ್ಕಪ್ಪಳಿಸಿದ ಸದ್ದು ಇನ್ನೂ ನನ್ನ ಕಿವಿ ಬಿಟ್ಟಿಲ್ಲ. ಅವಳು ಎಂಜಿನ್ ಜೋರು ಮಾಡಿ, ಇನ್ನೊಂದು ಸುತ್ತು ಹಾಕಿ ಇಳಿಯಲು ಮತ್ತೆ ಮೇಲೇರಿದಳು.

"ಏನಮ್ಮಾ, ಎರಡನೇ ಸುತ್ತು ಹಾಕೋರು ಹೇಡಿಗಳು ಅಂತ ನೀವೇ ಅಂತಿದ್ರಲ್ಲ!" ಎಂದು ನನ್ನನ್ನು ನೋಡಿ ಪಕ್ಕದ ಹೊಲದ ವರ್ಲಿನ್ ನಕ್ಕ.

"ಬಾಯ್ಮುಚ್ಚೋ. ಹತ್ತು ಸುತ್ತು ಬೇಕಾದ್ರೂ ಹಾಕ್ಲಿ," ಎಂದೆ.

ಅವಳು ಮೆತ್ತಗೆ ಇಳಿದಳು. ಮೊದಲ ಸಲ ಒಬ್ಬರೇ ಹಾರಿಸಿ ಬಂದವರಿಗೆ ಮಾಡುವ ಪದ್ಧತಿಯಂತೆ ಅವಳ ಅಂಗಿಯ ಬೆನ್ನನ್ನು ನಾನೇ ಕತ್ತರಿಸಿ ಕೊಟ್ಟೆ. ಆ ತುಂಡನ್ನು ವಿಮಾನದ ಶೆಡ್ಡಿನ ಗೋಡೆಗೆ ತೂಗುಹಾಕಲು ಹೋದವಳು, ನಿನ್ನ ಅಂಗಿಗೆಂದು ಅಂದು ಬೆಳಿಗ್ಗೆ ನಾನು ಹೊಡೆದಿದ್ದ ಮೊಳೆಗೇ ಕೈ ಚಾಚಿದಳು.

ತಡೆದು, ಬೇರೆ ಮೊಳೆ ಹೊಡೆದುಕೊಟ್ಟೆ.

ಅಮ್ಮ