ಬಿಸಿಯಾದರೆ ನಿಲ್ಲುವ ಕಾರು

ತಾರೀಖು ಹನ್ನೆರಡು, ಮಂಗಳವಾರ.

ಕಾರು ಎಲ್ಲೆಲ್ಲಿ ನಿಂತಿತು ಎಂದು ದಿನಾ ಬರೆದಿಡಬೇಕಂತೆ. ಐದನೇ ಕ್ಲಾಸಿಗೇ ಸ್ಲೇಟು ಬಿಸಾಕಿದ ನನ್ನ ಕೈಲಿ ಮೆಕ್ಯಾನಿಕ್ ಈ ವಯಸ್ಸಿನಲ್ಲಿ ಕಾಪಿ ಬರೆಸುತ್ತಿದ್ದಾನೆ.

ಇವತ್ತು ಆಸ್ಪತ್ರೆಯಿಂದ ಬರುವಾಗ ಸೇತುವೆಯ ಮೇಲೆ ನಿಂತಿತು. ಪಕ್ಕದಲ್ಲಿ ತುಂಬು ಬಸುರಿ ಮಗಳು, ಹಿಂದೆ ಲಾರಿಯ ಹಾರನ್. ಬಿಸಿಯಾದಾಗ ಆಫ್ ಮಾಡಿದರೆ ಅರ್ಧ ಗಂಟೆ ಸ್ಟಾರ್ಟ್ ಆಗುವುದಿಲ್ಲವೆಂದು, ಡಾಕ್ಟರು ಅವಳನ್ನು ನೋಡುವಷ್ಟು ಹೊತ್ತೂ ಇಂಜಿನ್ ಚಾಲೂ ಇಟ್ಟೇ ಗೇಟಿನ ಹತ್ತಿರ ಕೂತಿದ್ದೆ. ಅದೇ ತಪ್ಪಾಯಿತೇನೋ. ಇನ್ನಷ್ಟು ಬಿಸಿಯೇರಿ ನಡುದಾರಿಯಲ್ಲಿ ಕೈಕೊಟ್ಟಿತು.

"ಅಪ್ಪಾ, ಹೆರಿಗೆಗೆ ನಿನ್ನ ಈ ಕೆಂಪು ರಾಣಿ ಬೇಡ. ಟ್ಯಾಕ್ಸಿ ಹೇಳ್ತೀನಿ."

"ನಿಮ್ಮಮ್ಮನ್ನ ನಾನೇ ಕರ್ಕೊಂಡು ಹೋಗಿದ್ದು, ಸ್ಕೂಟರಲ್ಲಿ."

"ಆ ಸ್ಕೂಟರು ಸ್ಟಾರ್ಟ್ ಆಗ್ತಿತ್ತಲ್ಲಪ್ಪಾ."

ತಿರುವಿನಲ್ಲಿ ಈ ಎರಡು ಬಾಗಿಲಿನ ಕಾರು ನೆಲ ಕಚ್ಚಿಕೊಂಡು ಹೋಗುವ ಸುಖ ಅವಳಿಗೂ ಗೊತ್ತು. ಎರಡನೇ ಗೇರಿನಲ್ಲಿ ಗುಡುಗಿದರೆ ನಗುತ್ತಿದ್ದಳು. ಇವತ್ತು ಹೊಟ್ಟೆ ಹಿಡಿದುಕೊಂಡು ಕನ್ನಡಿಯಲ್ಲಿ ಆ ಲಾರಿಯನ್ನೇ ನೋಡುತ್ತಿದ್ದಳು. ಆ ಮುಖ ಕಣ್ಣಿಂದ ಹೋಗುತ್ತಿಲ್ಲ.

ಡಾಕ್ಟರು ಹೆರಿಗೆಗೆ ಇಪ್ಪತ್ತನೇ ತಾರೀಖು ಹೇಳಿದ್ದಾರೆ. ನಾಳೆ ಈ ಹಾಳೆಯನ್ನೇ ಹರಿದು ಮೆಕ್ಯಾನಿಕ್ ಕೈಗೆ ಕೊಡುತ್ತೇನೆ. ನೋಡಯ್ಯಾ, ಇದರಲ್ಲಿ ಮಗಳನ್ನು ಕೂರಿಸಬಹುದೋ ಕೂರಿಸಬಾರದೋ, ಎರಡರಲ್ಲಿ ಒಂದನ್ನು ಹದಿನೈದರೊಳಗೆ ಹೇಳು.