ಎರಡೂ ಎಡತೋಳು

ಮನೆಯಿಂದ,
ಇಪ್ಪತ್ತೊಂದನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರಗಳು.

ನಿನ್ನ ಮಂಡಿನೋವು ಹೇಗಿದೆ? ಪ್ರಾರ್ಥನಾಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡ. ಅಲ್ಲಿ ನಿನ್ನ ಜೊತೆ ಹನ್ನೆರಡು ಜನ ಹೆಂಗಸರಿದ್ದಾರಲ್ಲ, ಅವರಿಗೂ ದೇವರು ಕಾಲು ಕೊಟ್ಟಿದ್ದಾನೆ. ನಾನು ಚೆನ್ನಾಗಿದ್ದೇನೆ. ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಆಮೇಲೆ ಬಾಗಿಲ ಚಿಲಕ ಹಾಕಿದೆಯಾ ಅಂತ ನೋಡಿ ಬಂದೆ. ಬೆಳಗಿನಿಂದ ಹೀಗೇ, ಕೂತಲ್ಲಿ ಕೂರಲು ಆಗುತ್ತಿಲ್ಲ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಒಂದನೇ ತಾರೀಖಿಗೆ ಮನೆ ಬಿಟ್ಟು, ಹೊಲಿಗೆ ಕೆಲಸ ಬಿಟ್ಟು, ಶಾಶ್ವತವಾಗಿ ಪ್ರಾರ್ಥನಾಮನೆಗೆ ನಿನ್ನ ಹತ್ತಿರ ಬಂದುಬಿಡು ಅಂತ ಬರೆದಿದ್ದೀಯ. "ಮಗಳ ಮದುವೆ ಆಯ್ತು, ಗಂಡ ದೇವರ ಪಾದ ಸೇರಿ ನಾಲ್ಕು ವರ್ಷ ಆಯ್ತು, ಇನ್ನೇನಿದೆ ಅಲ್ಲಿ? ಇಲ್ಲಿಗೆ ಬಂದ್ರೆ ನೀನು ಯಾರು ಅಂತ ನಿನಗೇ ಗೊತ್ತಾಗುತ್ತೆ" ಅಂದಿದ್ದೀಯ. ಆ ಮಾತು ನನ್ನ ತಲೆ ತಿನ್ನುತ್ತಿದೆ. ಕೆಲಸದಲ್ಲಿ ಇರುತ್ತೇನೋ ಬಿಡುತ್ತೇನೋ ಅಂತ ನಾಳೆ ಕಾರ್ಖಾನೆಯ ಮೇಸ್ತ್ರಿಗೆ ಹೇಳಲೇಬೇಕು, ನನ್ನ ಮಿಷನ್‌ಗೆ ಬೇರೆಯವರನ್ನು ಹುಡುಕಬೇಕಂತೆ.

ಮಂಗಳವಾರ ನಡೆದದ್ದನ್ನು ಹೇಳುತ್ತೇನೆ, ನಗಬೇಡ. ನೀನು ಕಲಿಸಿದ ಪ್ರಾರ್ಥನೆಯನ್ನು ಹೇಳಿಕೊಂಡೇ ನಾನು ಹೊಲಿಯುವುದು ನಿನಗೆ ಗೊತ್ತು. ಒಂದು ಪ್ರಾರ್ಥನೆಗೆ ಒಂದು ತೋಳು, ಇಪ್ಪತ್ತು ವರ್ಷದ ಅಳತೆ ಅದು. ನಮ್ಮ ಹಾಲ್‌ನಲ್ಲಿ ಗಡಿಯಾರ ನಿಂತರೆ ಮೇಸ್ತ್ರಿ ನನ್ನ ತುಟಿ ನೋಡುತ್ತಾನೆ. ಹೋದ ತಿಂಗಳು ಹೊಸ ಮಿಷನ್ ಬಂತು, ಕಾಲು ಇಟ್ಟರೆ ಸಾಕು, ಕುದುರೆ. ಅದರ ಓಟಕ್ಕೆ ನನ್ನ ಪ್ರಾರ್ಥನೆಯೂ ಓಡತೊಡಗಿತು. ಒಂದು ಮಾತಿನ ಬಾಲವನ್ನು ಇನ್ನೊಂದು ಮಾತು ನುಂಗುತ್ತಿತ್ತು. ಅದು ನನಗೆ ಗೊತ್ತೇ ಆಗಲಿಲ್ಲ.

ಶಾಲೆಮಕ್ಕಳ ಅಂಗಿ ಅವು. ಎಡತೋಳಿನದೊಂದು ಕಟ್ಟು, ಬಲತೋಳಿನದೊಂದು ಕಟ್ಟು ಪಕ್ಕದಲ್ಲಿಟ್ಟಿರುತ್ತಾರೆ. ನಾನು ಎರಡು ಕಡೆಗೂ ಎಡದ ಕಟ್ಟಿನಿಂದಲೇ ಎತ್ತಿಕೊಂಡು ಮೂವತ್ತಾರು ಅಂಗಿ ಹೊಲಿದು ಪೇರಿಸಿದ್ದೆ! ಗುಂಡಿ ಹಚ್ಚುವವಳ ಕೈಗೆ ಹೋದಾಗ ಸಿಕ್ಕಿಬಿತ್ತು. ನಾವು ಗುಂಡಿಯಮ್ಮ ಅನ್ನುವ ಅವಳ ಬಾಯಿ ಗೊತ್ತಲ್ಲ. "ಎರಡೂ ಎಡಗೈ ಇರೋ ಮಕ್ಕಳು ಯಾವ ಶಾಲೇಲಿ ಓದ್ತವೆ ತಾಯಿ?" ಅಂತ ಹಾಲ್‌ಗೆಲ್ಲ ಕೇಳುವ ಹಾಗೆ ಕೂಗಿದಳು. ಮೇಸ್ತ್ರಿ ಬೈಯಲಿಲ್ಲ. "ಪ್ರಾರ್ಥನೆ ಮಾಡ್ತಾನೇ ಹೊಲಿದ್ರಿ ಅಲ್ವಾ?" ಅಂದ ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಕೈ ಬಟ್ಟೆಯ ಮೇಲಿತ್ತು, ಬಾಯಲ್ಲಿ ದೇವರಿದ್ದ. ನಾನು ಎಲ್ಲಿದ್ದೆ ಅಕ್ಕಾ? ಇಪ್ಪತ್ತು ವರ್ಷ ಗಿಳಿಪಾಠ ಒಪ್ಪಿಸಿದೆನಾ? ಅವನು ಕೇಳಿಸಿಕೊಂಡು ಕೂತಿದ್ದು ಯಾರನ್ನು?

ಮರುದಿನ ಇಡೀ ಹೊತ್ತು ಮೂಲೆಯ ಸ್ಟೂಲ್ ಮೇಲೆ ಕೂತು ಹೊಲಿಗೆ ಬಿಚ್ಚಿದೆ. ಬಿಚ್ಚುವ ಕೆಲಸಕ್ಕೆ ಓಟವಿಲ್ಲ, ಒಂದೊಂದೇ ಹೊಲಿಗೆ ಕೀಳಬೇಕು. ಪ್ರಾರ್ಥನೆ ಶುರುಮಾಡಿದರೆ ಮೊದಲ ಸಾಲಿನಲ್ಲೇ ನಿಂತುಬಿಟ್ಟಿತು. ಹೆದರಿಕೆಯಾಯಿತು. ಕೊನೆಗೆ ಒಳಗೊಳಗೇ ಬಾಯಿಗೆ ಬಂದದ್ದು ಹೇಳಿದೆ. ದೇವರೇ, ಬೆನ್ನು ಸೀಳಿ ಹೋಗುತ್ತಿದೆ. ಗುಂಡಿಯಮ್ಮನ ಕೆನ್ನೆಗೆ ಬಾರಿಸಬೇಕು ಅನಿಸುತ್ತಿದೆ. ಗಂಡ ಸತ್ತಾಗ ಜನ ನೋಡಲಿ ಅಂತಲೂ ಸ್ವಲ್ಪ ಅತ್ತೆ. ಇಂಥವೇ ಮಾತು, ಯಾವ ಪುಸ್ತಕದಲ್ಲೂ ಇಲ್ಲದವು. ಹೇಳುತ್ತಾ ಹೇಳುತ್ತಾ ಯಾರೋ ಪಕ್ಕಕ್ಕೆ ಸರಿದು ಕೂತ ಹಾಗಾಯಿತು. ಬೆಳಕು ಗಿಳಕು ಏನೂ ಕಾಣಲಿಲ್ಲ. ಆದರೆ ಎದುರಿಗೆ ಕೇಳುವವನಿದ್ದಾನೆ, ಹೇಳುವವಳೂ ಇದ್ದಾಳೆ ಅನಿಸಿತು. ಆ ಹೇಳುವವಳನ್ನು ನಾನು ಮೊದಲು ನೋಡಿರಲಿಲ್ಲ. ಅಂಥಾ ಒಳ್ಳೆಯವಳೇನಲ್ಲ. ಕೊನೆಕೊನೆಗೆ ಅವಳು ಇನ್ನೂ ಒಂದು ಮಾತು ಹೇಳಿದಳು. ಅದನ್ನು ಬರೆಯಲು ನಾಲ್ಕು ದಿನದಿಂದ ಕೈ ಬರುತ್ತಿಲ್ಲ.

ಅಮ್ಮ ಹೋದಾಗ ನನಗೆ ಆರು ವರ್ಷ. ನನ್ನ ಜಡೆ ಹಾಕಿದವಳು ನೀನು, ಶಾಲೆ ಸಾಕು ಅಂದವಳು ನೀನು, ಗಂಡು ನೋಡಿದವಳೂ ನೀನೇ. ನಿನ್ನ ಮಾತನ್ನು ನಾನು ಒಂದು ದಿನವೂ ಮೀರಿಲ್ಲ. ಮೀರಬೇಕು ಅಂತ ಅನಿಸಿಯೂ ಇರಲಿಲ್ಲ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುತ್ತಿದ್ದೇನೆ, ಗೊತ್ತು. ಮಗಳು ಅಳಿಯ ಚೆನ್ನಾಗಿದ್ದಾರೆ, ನಿನ್ನನ್ನು ಕೇಳಿದರು. ಮಂಡಿಗೆ ಬಿಸಿನೀರಿನ ಶಾಖ ಕೊಡು. ಅಲ್ಲಿನ ಎಲ್ಲ ಹಿರಿಯರಿಗೂ ನನ್ನ ವಂದನೆ ಮುಟ್ಟಿಸು.

ನಿನ್ನ ಕೈಯಲ್ಲಿ ಬೆಳೆದ
ತಂಗಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಅಕ್ಕಾ, ನಾನು ಬರುವುದಿಲ್ಲ. ಒಂದನೇ ತಾರೀಖಿಗೂ ಇಲ್ಲ, ಆಮೇಲೂ ಇಲ್ಲ. ನಿನ್ನನ್ನು ನೋಡಲು ಬರುತ್ತೇನೆ, ಇರಲು ಬರುವುದಿಲ್ಲ. ದೇವರ ಅಪ್ಪಣೆಯಾಯಿತು ಅಂತ ಬರೆದರೆ ನೀನು ಮರುಮಾತಾಡುವುದಿಲ್ಲ ಅಂತ ಗೊತ್ತು, ಹಾಗೇ ಬರೆದೂ ಇದ್ದೆ, ಹೊಡೆದು ಹಾಕಿದ್ದೇನೆ ನೋಡು. ಅವನು ಏನೂ ಹೇಳಲಿಲ್ಲ. ಸುಮ್ಮನೆ ಕೇಳಿಸಿಕೊಂಡ. ಬರುವುದಿಲ್ಲ ಅಂದವಳು ನಾನು.